ಆರು ಹಳೆಯ ಲ್ಯಾಪ್‌ಟಾಪ್ ತಂದಿದ್ದೇನೆ: ಖರ್ಚು ಹಾಕಿ ಮಾರಲೇ, ಇದ್ದ ಹಾಗೆಯೇ ದಾಟಿಸಲೇ? (ತುಮಕೂರು)

ಬಟವಾಡಿ ಹುಡುಗ:
ಎಲ್ಲರಿಗೂ ನಮಸ್ಕಾರ. ಅಂತರಸನಹಳ್ಳಿ ಕಡೆಯ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಲ್ಯಾಪ್‌ಟಾಪ್ ಬಿಚ್ಚುವುದು ಸಂಜೆಯ ಚಟ. ಇಷ್ಟು ದಿನ ನೆಂಟರಿಷ್ಟರ ಯಂತ್ರಗಳಿಗೆ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿನ ಬದಲಿಗೆ ಹಾಕುವ, ಹೆಚ್ಚು ವೇಗದ ಡಿಸ್ಕ್) ಹಾಕಿಕೊಟ್ಟು ಕಾಫಿ ಕುಡಿದು ಬರುತ್ತಿದ್ದೆ. ಹೋದ ವಾರ ಮೊದಲ ಸಲ ಕೈಯಿಂದ ದುಡ್ಡು ಹಾಕಿ ಒಂದು ಲಾಟ್ ತಂದೆ. ಬಾಗಿಲು ಹಾಕಿದ ಟ್ಯೂಷನ್ ಸಂಸ್ಥೆಯೊಂದರಿಂದ ಐದು, ಪರಿಚಯದ ಮಧ್ಯವರ್ತಿಯೊಬ್ಬರಿಂದ ಒಂದು. ಒಟ್ಟು 27,000 ರೂಪಾಯಿ. ಮನೆಯಲ್ಲಿ ಪೂರ್ತಿ ಮೊತ್ತ ಇನ್ನೂ ಹೇಳಿಲ್ಲ.

ಥಿಂಕ್‌ಪ್ಯಾಡ್ ಟಿ430 ಒಂದಿದೆ, 2012ರ ಮಾದರಿ, 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್‌ಡಿಸ್ಕ್; ಆನ್ ಮಾಡಿ ಹಲ್ಲುಜ್ಜಿ ಬಂದರೂ ಇನ್ನೂ ಸುತ್ತುತ್ತಿರುತ್ತದೆ. ಥಿಂಕ್‌ಪ್ಯಾಡ್ ಎಕ್ಸ್240 ಒಂದು, ನೋಡಲು ಹೊಸದರಂತಿದೆ, ಆದರೆ ಬಯಾಸ್‌ಗೆ (ಆನ್ ಆದ ಕೂಡಲೇ ಮೊದಲು ಓಡುವ ಮೂಲ ತಂತ್ರಾಂಶ) ಪಾಸ್‌ವರ್ಡ್ ಕೇಳುತ್ತದೆ. ಎಚ್‌ಪಿ ಎಲೀಟ್‌ಬುಕ್ 840 ಜಿ3, ಆರನೇ ತಲೆಮಾರಿನ ಐ5 ಪ್ರೊಸೆಸರ್, ಚೆನ್ನಾಗಿಯೇ ಓಡುತ್ತದೆ, ಟಚ್‌ಪ್ಯಾಡ್ ಮಾತ್ರ ಸ್ವಲ್ಪ ಮೇಲೆದ್ದಂತಿದೆ. 15 ಇಂಚಿನ ಮನೆಬಳಕೆಯ ಎಚ್‌ಪಿ, ಎಡಗಡೆಯ ಹಿಂಜ್ (ಪರದೆಯ ಕೀಲು) ಕಿತ್ತು ಬಂದಿದೆ. ಒಂದು ಲೆನೊವೊ, ಪೂರ್ತಿ ಸತ್ತಿದೆ. ಕೊನೆಯದು ಮಧ್ಯವರ್ತಿ ಕೊಟ್ಟ ಡೆಲ್ ಲ್ಯಾಟಿಟ್ಯೂಡ್ 7490, ಎಂಟನೇ ತಲೆಮಾರಿನ ಐ5, 16 ಜಿಬಿ. ಲಾಟಿಗೆ ಅದೇ ಮುಕುಟಮಣಿ. 27,000ದಲ್ಲಿ 11,000 ಅದೊಂದರದ್ದೇ.

ಎಲ್ಲದಕ್ಕೂ ರ‍್ಯಾಮ್, ಎಸ್‌ಎಸ್‌ಡಿ, ಹೊಸ ಬ್ಯಾಟರಿ ಹಾಕಿ ವಿದ್ಯಾರ್ಥಿಗಳಿಗೆ ಮಾರೋಣ ಎಂಬ ಆಸೆ. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು? ಹಿರಿಯರು ಹೇಳಬೇಕು.

ಎಂ.ಜಿ. ರಸ್ತೆ ಹಳಬ:
ತಮ್ಮಾ, ರ‍್ಯಾಮು ಎಸ್‌ಎಸ್‌ಡಿ ಆಮೇಲೆ. ಮೊದಲು ಆ ಎಲೀಟ್‌ಬುಕ್ಕಿನ ಚಾರ್ಜರ್ ಕಿತ್ತು ಹಾಕು. ಟಚ್‌ಪ್ಯಾಡ್ ಮೇಲೆದ್ದಿದೆ ಎಂದರೆ ಟಚ್‌ಪ್ಯಾಡ್ ಕೆಟ್ಟಿದೆ ಎಂದಲ್ಲ, ಅದರ ಕೆಳಗಿನ ಬ್ಯಾಟರಿ ಊದಿಕೊಂಡಿದೆ ಎಂದು ಅರ್ಥ. ತಳದ ಸ್ಕ್ರೂ ಬಿಚ್ಚಿ ನಿಧಾನವಾಗಿ ಹೊರಗೆ ತೆಗೆ. ಸ್ಕ್ರೂಡ್ರೈವರ್ ತುದಿಯಿಂದ ಮೀಟಬೇಡ, ಚುಚ್ಚಬೇಡ, 'ಗಾಳಿ ಬಿಡೋಣ' ಎಂದು ತೂತು ಮಾಡಬೇಡ. ಹಾಗೆ ಮಾಡಿದ ಒಬ್ಬ ಹುಡುಗ ನನ್ನ ಅಂಗಡಿಯಲ್ಲಿದ್ದ. ಮೇಜಿನ ಮೇಲಿನ ಕಪ್ಪು ಕಲೆ ಇಂದಿಗೂ ಇದೆ. ತೆಗೆದದ್ದನ್ನು ಮರಳು ಹಾಕಿದ ತಗಡಿನ ಡಬ್ಬದಲ್ಲಿ ಮನೆಯ ಹೊರಗಿಡು. ಕಸದ ಗಾಡಿಗೆ ಹಾಕುವ ಮಾತೇ ಇಲ್ಲ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು.

ಇನ್ನು ವ್ಯಾಪಾರ. ಈ ಕಸುಬಿನಲ್ಲಿ ಲಾಭ ಮಾರುವಾಗ ಆಗುವುದಿಲ್ಲ, ಕೊಳ್ಳುವಾಗಲೇ ಆಗಿಹೋಗಿರುತ್ತದೆ. ಸತ್ತದ್ದೊಂದು, ಪಾಸ್‌ವರ್ಡ್ ಇರುವುದೊಂದು, ಹಿಂಜ್ ಮುರಿದದ್ದೊಂದು, ಇವೆಲ್ಲವನ್ನೂ ಒಂದೇ ಗೋಣಿಯಲ್ಲಿ ತಂದಿದ್ದೀಯ. ಇರಲಿ, ಮೊದಲ ಲಾಟು ಎಲ್ಲರಿಗೂ ಹೀಗೇ ಆಗುವುದು.

ಹಾರ್ಡ್‌ಡಿಸ್ಕ್ ಇರುವ ಯಾವ ಯಂತ್ರಕ್ಕೂ ಎಸ್‌ಎಸ್‌ಡಿ ಹಾಕು. ಆ ದುಡ್ಡು ವಾಪಸ್ ಬರುತ್ತದೆ. ಗಿರಾಕಿ ಅಂಗಡಿಯಲ್ಲಿ ನಿಂತು ಆನ್ ಮಾಡಿದಾಗ ಹತ್ತು ಹದಿನೈದು ಸೆಕೆಂಡಿನಲ್ಲಿ ಬಂದರೆ ಅರ್ಧ ವ್ಯಾಪಾರ ಮುಗಿಯಿತು. ರ‍್ಯಾಮ್ 8 ಜಿಬಿಗೆ ನಿಲ್ಲಿಸು. ಇತ್ತೀಚೆಗೆ ಮೆಮೊರಿಯ ಬೆಲೆ ಏರಿ ಕೂತಿದೆ, ಹಳೆಯ ಸ್ಟಾಕಿಗೂ ಅದೇ ಗಾಳಿ ಬೀಸಿದೆ. 16 ಹಾಕಿದರೆ ಆ ಹೆಚ್ಚುವರಿ ದುಡ್ಡನ್ನು ಗಿರಾಕಿ ಕೊಡುವುದಿಲ್ಲ. ಪರದೆ ಬದಲಾಯಿಸಲು ಹೋಗಬೇಡ. ಕೀಬೋರ್ಡಿನಲ್ಲಿ ಒಂದು ಗುಂಡಿ ಹೋಗಿದ್ದರೂ ಬದಲಾಯಿಸು, ಗಿರಾಕಿಯ ಬೆರಳು ನೇರ ಅಲ್ಲಿಗೇ ಹೋಗುತ್ತದೆ. ಏಕೆ ಎಂದು ನನ್ನನ್ನು ಕೇಳಬೇಡ.

ಬೆಸುಗೆ ಅಕ್ಕ (ಗುಬ್ಬಿ):
ಹಳಬರು ಹೇಳಿದ್ದಕ್ಕೆ ಸೇರಿಸುತ್ತೇನೆ. ರ‍್ಯಾಮ್ ತರುವ ಮುನ್ನ ಕಡ್ಡಿಯ ಮೇಲೆ ಬರೆದದ್ದನ್ನು ಓದಿ. ಟಿ430 ಡಿಡಿಆರ್3 ಎಂಬ ಹಳೆಯ ಬಗೆಯ ಮೆಮೊರಿಯ ಕಾಲದ್ದು, 1.5 ವೋಲ್ಟಿನದ್ದೂ ನಡೆಯುತ್ತದೆ, 1.35 ವೋಲ್ಟಿನ ಡಿಡಿಆರ್3ಎಲ್ ಕೂಡ ನಡೆಯುತ್ತದೆ. ಆದರೆ ಎಕ್ಸ್240ಗೆ 'ಎಲ್' ಇರುವುದೇ ಬೇಕು, ಅದರಲ್ಲೂ ಒಂದೇ ಸ್ಲಾಟ್. ಎಲೀಟ್‌ಬುಕ್ ಮತ್ತು ಡೆಲ್ ಎರಡಕ್ಕೂ ಡಿಡಿಆರ್4. ಡಿಡಿಆರ್3ರ ಕಡ್ಡಿಗೆ 204 ಪಿನ್, ಡಿಡಿಆರ್4ಕ್ಕೆ 260, ಕಚ್ಚು ಬೇರೆ ಜಾಗದಲ್ಲಿದೆ. ಆದರೂ ಒತ್ತಿ ಒತ್ತಿ ಸ್ಲಾಟ್ ಮುರಿದುಕೊಂಡು ನನ್ನ ಬಳಿಗೆ ಬಂದವರು ಇದ್ದಾರೆ.

ಎಸ್‌ಎಸ್‌ಡಿಯೂ ಹಾಗೆಯೇ. ಟಿ430, ಎಕ್ಸ್240 ಎರಡಕ್ಕೂ 2.5 ಇಂಚಿನ ಸಾಟಾ (ಹಳೆಯ ಬಗೆಯ ಡಿಸ್ಕ್ ಜೋಡಣೆ), ದಪ್ಪ 7 ಮಿ.ಮೀ. ಎಂ.2 ಎಂಬ ಕಡ್ಡಿಯಾಕಾರದ ಎಸ್‌ಎಸ್‌ಡಿಗಳು ನೋಡಲು ಒಂದೇ ಥರ, ಒಳಗೆ ಕೆಲವು ಸಾಟಾ, ಕೆಲವು ಎನ್‌ವಿಎಂಇ (ಹೊಸ, ಹೆಚ್ಚು ವೇಗದ ಬಗೆ). ಹಳೆಯ ಬೋರ್ಡ್ ಎರಡನ್ನೂ ಗುರುತಿಸುತ್ತದೆ ಎಂದು ನಂಬಿ ತರಬೇಡಿ.

ಸತ್ತ ಲೆನೊವೊ ಬಗ್ಗೆ: ಬ್ಯಾಟರಿಯ ಕನೆಕ್ಟರ್ ಕಿತ್ತು, ಚಾರ್ಜರ್ ಇಲ್ಲದೆ ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಚಾರ್ಜರ್ ಮಾತ್ರ ಹಾಕಿ ನೋಡಿ. ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿ. ನಗಬೇಡಿ, 'ಡೆಡ್' ಎಂದು ಬಂದವುಗಳಲ್ಲಿ ಎಷ್ಟೋ ಇಷ್ಟಕ್ಕೇ ಎದ್ದಿವೆ. ಏಳದಿದ್ದರೆ ಮಲ್ಟಿಮೀಟರ್ ಹಿಡಿದು ಚಾರ್ಜರಿನ 20 ವೋಲ್ಟ್ ಬೋರ್ಡಿನೊಳಗೆ ಎಲ್ಲಿಯ ತನಕ ಹೋಗುತ್ತಿದೆ ನೋಡಿ ಬರೆಯಿರಿ.

ಎಕ್ಸ್240 ಪಾಸ್‌ವರ್ಡ್: ಬಟನ್ ಸೆಲ್ ತೆಗೆದರೆ ಹೋಗುತ್ತದೆ ಎಂದು ಯಾರೋ ಹೇಳುತ್ತಾರೆ, ಹೋಗುವುದಿಲ್ಲ. ಥಿಂಕ್‌ಪ್ಯಾಡಿನ ಸೂಪರ್‌ವೈಸರ್ ಪಾಸ್‌ವರ್ಡ್ ಪ್ರತ್ಯೇಕ ಮೆಮೊರಿ ಚಿಪ್ಪಿನಲ್ಲಿ ಕೂತಿರುತ್ತದೆ. ತೆಗೆಯುವ ದಾರಿ ಇದೆ, ನಾನು ಮಾಡುತ್ತೇನೆ. ಆದರೆ ಬಿಲ್ ಇಲ್ಲದೆ ಮುಟ್ಟುವುದಿಲ್ಲ.

ಶಿರಾ ಗೇಟ್ ವಿದ್ಯಾರ್ಥಿನಿ:
ಮಾರುವವರೆಲ್ಲ ಸೇರಿದ್ದೀರಿ, ಕೊಂಡವಳ ಮಾತನ್ನೂ ಕೇಳಿ. ಹೋದ ವರ್ಷ ಜಾಹೀರಾತು ನೋಡಿ 'ಐ7, 1 ಟಿಬಿ ಎಸ್‌ಎಸ್‌ಡಿ, ವಿಂಡೋಸ್ 11' ಎಂದು 16,500 ಕೊಟ್ಟು ತಂದೆ. ಐ7 ನಿಜವೇ, ಆದರೆ ಎರಡನೇ ತಲೆಮಾರಿನದು, ಅಂದರೆ 2011ರದ್ದು, ಎರಡೇ ಕೋರ್. 'ಐ7' ಎಂಬ ಹೆಸರಿನ ಮುಂದಿನ ಅಂಕಿ ನೋಡಬೇಕು ಎಂದು ಆಗ ನನಗೆ ಗೊತ್ತಿರಲಿಲ್ಲ. ಎಂಟನೇ ತಲೆಮಾರಿನ ತೆಳು ಲ್ಯಾಪ್‌ಟಾಪಿನ ಐ5ಗೆ ನಾಲ್ಕು ಕೋರ್ ಇರುತ್ತದೆ. ನನ್ನ ಗೆಳತಿಯದು ಅದೇ, ನನಗಿಂತ ಕಡಿಮೆಗೆ ತಂದಳು.

ಎಸ್‌ಎಸ್‌ಡಿಯ ಕಥೆ ಇನ್ನೂ ಚೆಂದ. 1 ಟಿಬಿ ಎಂದು ತೋರಿಸುತ್ತಿತ್ತು. ಒಳಗೆ ಇದ್ದದ್ದು ಅದರ ಒಂದು ಚೂರು. ತುಂಬಿದ ಮೇಲೆ ಹೊಸ ಫೈಲು ಹಳೆಯದರ ಮೇಲೆ ಬರೆಯುತ್ತಾ ಹೋಯಿತು. ಆರನೇ ಸೆಮಿಸ್ಟರಿನ ಪ್ರಾಜೆಕ್ಟ್ ವರದಿ ಹೆಸರಿಗೆ ಇದೆ, ತೆರೆದರೆ ಇಲ್ಲ. ಮಾರಿದವರ ಫೋನು ಇಂದಿನವರೆಗೂ ಸ್ವಿಚ್ ಆಫ್.

ಎಂ.ಜಿ. ರಸ್ತೆ ಹಳಬ:
ತಾಯಿ, ಅಂಥವರಿಂದಲೇ ನಮ್ಮ ಅಂಗಡಿಗೂ ಕೆಟ್ಟ ಹೆಸರು. ಬ್ರ್ಯಾಂಡ್ ಇಲ್ಲದ ಅಗ್ಗದ ಎಸ್‌ಎಸ್‌ಡಿಯನ್ನು ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಫ್ಟ್‌ವೇರಿನಿಂದ ಪೂರ್ತಿ ತುಂಬಿಸಿ, ವಾಪಸ್ ಓದಿಸಿ ನೋಡಬೇಕು. ಸಮಯ ಹಿಡಿಯುತ್ತದೆ, ಆದರೆ ಸುಳ್ಳು ಸಿಕ್ಕಿಬೀಳುತ್ತದೆ. ನಾನು ಬಿಲ್ ಮೇಲೆ ತಲೆಮಾರು ಬರೆದೇ ಕೊಡುತ್ತೇನೆ.

ದಿನಾ ರೈಲು:
ಹಳಬರೇ, ಬಿಲ್ ಮೇಲೆ ತಲೆಮಾರು ಬರೆಯುವುದು ಸಂತೋಷ. ವಿಂಡೋಸ್ ವಿಷಯವನ್ನೂ ಬರೆಯುತ್ತೀರಾ? (ನಾನು ತುಮಕೂರಿನಿಂದ ಬೆಂಗಳೂರಿಗೆ ನಿತ್ಯ ರೈಲಿನಲ್ಲಿ ಓಡಾಡುವವನು, ಒಂದು ಕಂಪನಿಯ ಐಟಿ ವಿಭಾಗದಲ್ಲಿ ಇದೇ ಯಂತ್ರಗಳನ್ನು ಹಂಚುವುದು, ವಾಪಸ್ ಪಡೆಯುವುದು ಕೆಲಸ.) ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಆಮೇಲಿನದು, ಜೊತೆಗೆ ಟಿಪಿಎಂ 2.0 (ಭದ್ರತೆಯ ಚಿಪ್) ಬೇಕು ಎಂಬುದು ಮೈಕ್ರೋಸಾಫ್ಟ್ ಹಾಕಿದ ಗೆರೆ. ಈ ಆರರಲ್ಲಿ ಗೆರೆ ದಾಟುವುದು ಡೆಲ್ 7490 ಒಂದೇ. ಉಳಿದವಕ್ಕೆ ಯುಎಸ್‌ಬಿಯಲ್ಲಿ ತಪಾಸಣೆ ತಪ್ಪಿಸಿ 11 ಹಾಕುವವರು ಊರ ತುಂಬ ಇದ್ದಾರೆ.

ಎಂ.ಜಿ. ರಸ್ತೆ ಹಳಬ:
ಹಾಕುತ್ತೇನೆ, ಸುಳ್ಳು ಹೇಳುವುದಿಲ್ಲ. ಗಿರಾಕಿಗೆ 11ರ ಚಿತ್ರ ಕಂಡರೆ ಮಾತ್ರ ದುಡ್ಡು ಹೊರಗೆ ಬರುತ್ತದೆ. ಓಡುತ್ತದೆಯಲ್ಲ? ಆರನೇ ತಲೆಮಾರಿನ ಐ5 ಅದನ್ನು ಆರಾಮವಾಗಿ ಓಡಿಸುತ್ತದೆ. ಗೆರೆ ಹಾಕಿದವರು ಯಾವುದೋ ದೂರದೇಶದಲ್ಲಿ ಕೂತಿದ್ದಾರೆ, ಬಾಡಿಗೆ ಕಟ್ಟುವವನು ನಾನು.

ದಿನಾ ರೈಲು:
ಓಡುವುದಿಲ್ಲ ಎಂದು ನಾನು ಹೇಳಲಿಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ಆ ಯಂತ್ರಕ್ಕೆ ತಾನಾಗಿ ಬರುವ ಖಾತರಿ ಇಲ್ಲ, ಮತ್ತೆ ಯಾರಾದರೂ ಕೂತು ಕೈಯಿಂದ ಹಾಕಬೇಕು. ತೀರ ಹಳೆಯ ಪ್ರೊಸೆಸರ್‌ಗಳನ್ನಂತೂ ವಿಂಡೋಸ್ 11ರ 24ಎಚ್2 ಆವೃತ್ತಿ ಬೂಟ್ ಆಗಲೂ ಬಿಡುವುದಿಲ್ಲ. ಅಷ್ಟನ್ನು ಹೇಳಿ ಮಾರಿದರೆ ನನ್ನ ತಕರಾರಿಲ್ಲ. ಹೇಳದೆ ಮಾರಿದರೆ ಒಂದು ವರ್ಷದ ನಂತರ ಶಿರಾ ಗೇಟಿನ ಈ ತಂಗಿಯ ಹಾಗೆ ಇನ್ನೊಬ್ಬರು ಇಲ್ಲಿ ಬರೆಯುತ್ತಾರೆ.

ಎಂ.ಜಿ. ರಸ್ತೆ ಹಳಬ:
ಸರಿ. ಬಿಲ್ಲಿನಲ್ಲಿ ಒಂದು ಸಾಲು ಹೆಚ್ಚು ಬರೆಯುತ್ತೇನೆ. ನಿಮಗೆ ಸಮಾಧಾನವೇ?

ಮಧುಗಿರಿ ಡಿಟಿಪಿ ಮೇಷ್ಟ್ರು:
ನಡುವೆ ಬಾಯಿ ಹಾಕುತ್ತೇನೆ. ವಿಂಡೋಸ್ ಜಗಳವೇ ಬೇಡ, ಟಿ430ಗೆ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಹಾಕುವ ಉಚಿತ ವ್ಯವಸ್ಥೆ) ಹಾಕಿ ಕೊಟ್ಟರೆ ನಾನೇ ಕೊಳ್ಳುತ್ತೇನೆ. ಆದರೆ ಕನ್ನಡದ ವಿಷಯ ಮೊದಲು ತಿಳಿದಿರಲಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ವಿಂಡೋಸಿಗೆ ಮಾಡಿದ್ದು. ಲಿನಕ್ಸಿನಲ್ಲಿ ಐಬಸ್ ಎಂಬ ಟೈಪಿಂಗ್ ಸಾಧನದ ಮೂಲಕ ಅದೇ ಪರಿಷತ್ತಿನ ಕೆಜಿಪಿ ಕೀಲಿಮಣೆ ಸಿಗುತ್ತದೆ, ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ ಒಗ್ಗಿದ ಬೆರಳಿಗೆ ಅದು ಹೊಸದೆನಿಸುವುದಿಲ್ಲ. ಯೂನಿಕೋಡಿನಲ್ಲಿ ಬರೆಯುವವರಿಗೆ ಅಷ್ಟು ಸಾಕು. ತೊಂದರೆ ಇರುವುದು ಹಳೆಯ ನುಡಿ ಫಾಂಟಿನ ಕಡತಗಳಲ್ಲಿ. ಅವು ಯೂನಿಕೋಡ್ ಅಲ್ಲ, ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ನನ್ನ ಬಳಿ ಇಪ್ಪತ್ತು ವರ್ಷದ ಲಗ್ನಪತ್ರಿಕೆ, ಸಂಘದ ವರದಿ, ತಿಥಿ ಕಾರ್ಡು ಎಲ್ಲ ಆ ಫಾಂಟಿನಲ್ಲಿವೆ. ಅದಕ್ಕೆ ಅಂಗಡಿಯಲ್ಲಿ ಒಂದು ವಿಂಡೋಸ್ ಯಂತ್ರ ಇದ್ದೇ ಇದೆ. ಇದು ಮನೆಯ ಜಗುಲಿಯ ಮೇಲೆ ಕೂತು ಬರೆಯುವುದಕ್ಕೆ.

ಟಿ430 ಏಕೆ ಎಂದರೆ, ಅದರ ಕೀಬೋರ್ಡು. ಈಗಿನ ತೆಳು ಯಂತ್ರಗಳಲ್ಲಿ ಟೈಪ್ ಮಾಡುವುದು ಬಂಡೆಯ ಮೇಲೆ ಬೆರಳು ಕುಟ್ಟಿದ ಹಾಗೆ.

ತಿಪಟೂರು ಅಮ್ಮ:
ನಾನು ತಾಂತ್ರಿಕಳಲ್ಲ, ಕೊಬ್ಬರಿ ವ್ಯಾಪಾರದ ಮನೆಯವಳು. ಮಗಳು ಬಿ.ಕಾಂ. ಎರಡನೇ ವರ್ಷ. 14,000ದ ಒಳಗೆ ಯಾವುದಾದರೂ ಸಿಗುತ್ತದೆಯೇ? ಮೇಷ್ಟ್ರು ಹೇಳಿದ ಲಿನಕ್ಸ್ ಆದರೆ ಇನ್ನೂ ಅಗ್ಗವೇ?

ಬಟವಾಡಿ ಹುಡುಗ:
ಅಮ್ಮಾ, ಬಿ.ಕಾಂ. ಎಂದರೆ ಟ್ಯಾಲಿ ಕಲಿಯುತ್ತಾಳೆ, ಅದಕ್ಕೆ ವಿಂಡೋಸ್ ಬೇಕು. ಲಿನಕ್ಸ್ ಹಾಕಿಕೊಟ್ಟರೆ ನಾಲ್ಕೇ ದಿನದಲ್ಲಿ ನನ್ನನ್ನು ಬೈಯುತ್ತೀರಿ. ಎಲೀಟ್‌ಬುಕ್ ನಿಮಗೆ ಸರಿಹೋಗಬಹುದು. ಹೊಸ ಬ್ಯಾಟರಿ ಬರಲಿ, ವಾರ ಓಡಿಸಿ ನೋಡಿ ಹೇಳುತ್ತೇನೆ.

ಇಷ್ಟರಲ್ಲಿ ನಡೆದದ್ದು ಹೇಳಿಬಿಡುತ್ತೇನೆ. ಎಕ್ಸ್240 ಪಾಸ್‌ವರ್ಡಿಗೆ ಚಿಪ್ ಕೆದಕುವ ಮುನ್ನ ಟ್ಯೂಷನ್ ಸಂಸ್ಥೆಯ ಹಳೆಯ ಗುಮಾಸ್ತರಿಗೆ ಫೋನ್ ಮಾಡಿದೆ. ಸಂಸ್ಥೆಯ ಹೆಸರು, ಮುಂದೆ 123. ಒಂದೇ ಏಟಿಗೆ ತೆರೆಯಿತು. ಅಕ್ಕನ ಮುಂದೆ ಹೇಳಲು ನಾಚಿಕೆಯಾಗುತ್ತಿದೆ.

ಆದರೆ ಒಳಗೆ ಕಂಡದ್ದಕ್ಕೆ ಎದೆ ಧಸಕ್ಕೆಂದಿತು. ಮೂರು ಯಂತ್ರಗಳಲ್ಲಿ ಮಕ್ಕಳ ಫೋಟೊ, ಅಂಕಪಟ್ಟಿ, ಪೋಷಕರ ಆಧಾರ್ ಪ್ರತಿ, ಎಲ್ಲ ಹಾಗೇ ಬಿಟ್ಟಿದ್ದಾರೆ. ಫಾರ್ಮ್ಯಾಟ್ ಮಾಡಿದರೆ ಸಾಕೇ?

ದಿನಾ ರೈಲು:
ಸಾಲದು. ಸಾಮಾನ್ಯ ಫಾರ್ಮ್ಯಾಟ್ ಎಂದರೆ ಪುಸ್ತಕದ ಪರಿವಿಡಿ ಹರಿದ ಹಾಗೆ, ಪುಟಗಳು ಅಲ್ಲೇ ಇರುತ್ತವೆ. ಹುಡುಕಿ ತೆಗೆಯುವ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ. ಹಾರ್ಡ್‌ಡಿಸ್ಕ್ ಆದರೆ ಪೂರ್ತಿ ಒಂದು ಸಲ ಸೊನ್ನೆ ಬರೆಯಿಸಿ, ಸಾಕು. ಎಸ್‌ಎಸ್‌ಡಿಗೆ ಆ ದಾರಿ ಪೂರ್ತಿ ನಂಬಿಕೆಯದ್ದಲ್ಲ. ಸವೆತ ಹಂಚಿಕೊಳ್ಳಲು ಅದು ಒಳಗೊಳಗೇ ಜಾಗ ಬದಲಾಯಿಸುತ್ತಿರುತ್ತದೆ, ನೀವು ಬರೆದ ಸೊನ್ನೆ ಹಳೆಯ ಜಾಗಕ್ಕೇ ಬಿತ್ತು ಎಂದು ಹೇಳಲಾಗದು. ಎಚ್‌ಪಿ ಎಲೀಟ್‌ಬುಕ್ಕಿನ ಬಯಾಸಿನಲ್ಲಿ ಸೆಕ್ಯೂರ್ ಇರೇಸ್, ಡೆಲ್ಲಿನಲ್ಲಿ ಡೇಟಾ ವೈಪ್ ಎಂಬ ಆಯ್ಕೆ ಇದೆ, ಅದನ್ನೇ ಬಳಸಿ. ಅಳಿಸುವ ಮುನ್ನ ಆ ಫೋಟೊಗಳನ್ನು ತೆರೆದು ನೋಡುತ್ತಾ ಕೂರಬೇಡಿ.

ಮತ್ತೆ, ಆ ಡೆಲ್ ಅನ್ನು ಹೊಸದಾಗಿ ವಿಂಡೋಸ್ ಹಾಕಿ, ವೈಫೈ ಕೊಟ್ಟು ನೋಡಿದ್ದೀರಾ? ಇಂಟರ್ನೆಟ್ ಇಲ್ಲದೆ ನೋಡಿದರೆ ಲೆಕ್ಕಕ್ಕಿಲ್ಲ.

ಬಟವಾಡಿ ಹುಡುಗ:
ಈಗ ನೋಡಿದೆ. ವೈಫೈ ಕೊಟ್ಟ ತಕ್ಷಣ ಒಂದು ದೊಡ್ಡ ಕಂಪನಿಯ ಹೆಸರು ಬಂದು, 'ನಿಮ್ಮ ಕಚೇರಿಯ ಇಮೇಲ್ ನಮೂದಿಸಿ' ಎನ್ನುತ್ತಿದೆ. ಮೂರು ಸಲ ಹೊಸದಾಗಿ ಹಾಕಿದೆ, ಮೂರು ಸಲವೂ ಅದೇ. ಎಸ್‌ಎಸ್‌ಡಿ ಬದಲಾಯಿಸಿ ನೋಡಿದೆ, ಅದೇ. ಇದೇನು ದೆವ್ವ?

ದಿನಾ ರೈಲು:
ಅಂದುಕೊಂಡೆ. ಅದು ವಿಂಡೋಸ್ ಆಟೋಪೈಲಟ್. ಕಂಪನಿಗಳು ಯಂತ್ರದ ಗುರುತನ್ನು ಮೈಕ್ರೋಸಾಫ್ಟ್ ಬಳಿ ತಮ್ಮ ಹೆಸರಿಗೆ ನೋಂದಾಯಿಸಿರುತ್ತವೆ. ಗುರುತು ಇರುವುದು ಡಿಸ್ಕಿನಲ್ಲಿ ಅಲ್ಲ, ಯಂತ್ರದ ಹಾರ್ಡ್‌ವೇರಿನ ಮೇಲೆ ಲೆಕ್ಕ ಹಾಕಿದ್ದು. ಹಾಗಾಗಿ ಡಿಸ್ಕ್ ಬದಲಾಯಿಸಿದರೂ ಹೋಗುವುದಿಲ್ಲ. ಆ ನೋಂದಣಿ ತೆಗೆಯಬೇಕಾದವರು ಆ ಕಂಪನಿಯವರು. ಎರಡು ಸಾಧ್ಯತೆ: ವಿಲೇವಾರಿ ಮಾಡುವಾಗ ಹೆಸರು ತೆಗೆಯಲು ಮರೆತಿದ್ದಾರೆ, ಇದು ನಾವು ಕೂಡ ಮಾಡುವ ತಪ್ಪು. ಅಥವಾ ಆ ಯಂತ್ರ ಅವರ ಕೈಯಿಂದ ಸರಿಯಾದ ದಾರಿಯಲ್ಲಿ ಹೊರಗೆ ಬಂದಿಲ್ಲ. ಬಿಲ್ ಇದೆಯೇ?

ಬಟವಾಡಿ ಹುಡುಗ:
ಬಿಲ್ ಇಲ್ಲ. 'ನಮ್ಮ ನಡುವೆ ಬಿಲ್ ಏಕೆ' ಎಂದಿದ್ದರು.

ಶಿರಾ ಗೇಟ್ ವಿದ್ಯಾರ್ಥಿನಿ:
ಲಿನಕ್ಸ್ ಹಾಕಿದರೆ ಆ ಪರದೆಯೇ ಬರುವುದಿಲ್ಲವಲ್ಲ? ನಮ್ಮ ಹಾಸ್ಟೆಲಿನಲ್ಲಿ ಹಾಗೆ ಓಡಿಸುವವರಿದ್ದಾರೆ.

ದಿನಾ ರೈಲು:
ಬರುವುದಿಲ್ಲ, ನಿಜ. ಇಂಟರ್ನೆಟ್ ಇಲ್ಲದೆ ವಿಂಡೋಸ್ ಹಾಕಿದರೂ ತಾತ್ಕಾಲಿಕವಾಗಿ ತಪ್ಪಿಸಬಹುದು, ಮುಂದೆ ಯಾರೋ ರೀಸೆಟ್ ಮಾಡಿದ ದಿನ ಮತ್ತೆ ಎದ್ದು ನಿಲ್ಲುತ್ತದೆ. ತಾಂತ್ರಿಕವಾಗಿ ದಾಟುವುದು ಸುಲಭ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಕದ್ದ ಮಾಲು ಎಂದು ನಂಬಲು ಕಾರಣವಿದ್ದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಇದೆ, ಮೊದಲು ಐಪಿಸಿಯ 411 ಆಗಿತ್ತು. ಕಂಪನಿಯ ಹೆಸರು ಪರದೆಯ ಮೇಲೆ ನೋಡಿಯೂ ಮಾರಿದ ಮೇಲೆ 'ನನಗೆ ಗೊತ್ತಿರಲಿಲ್ಲ' ಎನ್ನುವುದು ಕಷ್ಟ. ಸೀರಿಯಲ್ ನಂಬರ್ ಸಮೇತ ಕಂಪನಿಗೆ ಬರೆಯಿರಿ. ಮಧ್ಯವರ್ತಿಯಿಂದ ಬಿಲ್ ಕೇಳಿ.

ಎಂ.ಜಿ. ರಸ್ತೆ ಹಳಬ:
ಈ ವಿಷಯದಲ್ಲಿ ರೈಲಿನವರ ಜೊತೆ ನಾನೂ ನಿಲ್ಲುತ್ತೇನೆ. ಅಂಥದ್ದನ್ನು ನಾನು ಕೌಂಟರಿನ ಮೇಲೆ ಇಡಲೂ ಬಿಡುವುದಿಲ್ಲ. ಹನ್ನೊಂದು ಸಾವಿರ ಹೋಗಲಿ ತಮ್ಮಾ, ಠಾಣೆಯ ಬೆಂಚು ಬೇಡ.

ಬೆಸುಗೆ ಅಕ್ಕ (ಗುಬ್ಬಿ):
ಹುಡುಗ ಭಾನುವಾರ ರೈಲು ಹತ್ತಿ ಸತ್ತ ಲೆನೊವೊ ತಂದಿದ್ದ. ಆ ಕಥೆ ಬರೆಯುತ್ತೇನೆ, ಉಳಿದವರಿಗೂ ಉಪಯೋಗವಾದೀತು.

20 ವೋಲ್ಟ್ ಜಾಕಿನವರೆಗೆ ಬರುತ್ತಿತ್ತು, ಒಳಗೆ ಮುಖ್ಯ ಲೈನ್ ನೆಲಕ್ಕೆ ಶಾರ್ಟ್. ಅಂಥ ಕಡೆ ಮೀಟರಿನಿಂದ ಒಂದೊಂದು ಬಿಡಿಭಾಗ ಹುಡುಕುತ್ತಾ ಹೋದರೆ ದಿನ ಸಾಲದು. ಬೆಂಚ್ ಸಪ್ಲೈನಿಂದ (ಬೇಕಾದಷ್ಟೇ ವೋಲ್ಟ್ ಕೊಡುವ ಪೆಟ್ಟಿಗೆ) ಒಂದು ವೋಲ್ಟಿನಷ್ಟೇ ಆ ಲೈನಿಗೆ ಕೊಟ್ಟೆ, ಬೋರ್ಡಿನ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ತೆಳ್ಳಗೆ ಸವರಿದೆ. ಶಾರ್ಟ್ ಆದ ಭಾಗ ಬಿಸಿಯಾಗುತ್ತದೆ, ಅದರ ಮೇಲಿನ ಒದ್ದೆ ಮೊದಲು ಆರುತ್ತದೆ. ಅಕ್ಕಿಕಾಳಿಗಿಂತ ಚಿಕ್ಕ ಕೆಪಾಸಿಟರ್ ಒಂದು ಕಣ್ಣೆದುರೇ ಒಣಗಿ ನಿಂತಿತು. ಕಿತ್ತೆ. ಶಾರ್ಟ್ ಹೋಯಿತು, ಬೋರ್ಡ್ ಎದ್ದಿತು, ಪರದೆಯ ಮೇಲೆ ಲೆನೊವೊ ಎಂದು ಬಂತು. ಹುಡುಗ ಕೈ ಮುಗಿದ.

ಸಂತೋಷ ಎರಡು ನಿಮಿಷ. ಕೀಬೋರ್ಡು ಇಲ್ಲ, ಯುಎಸ್‌ಬಿ ಇಲ್ಲ, ಫ್ಯಾನ್ ಇಲ್ಲ. ತಿರುಗಿಸಿ ನೋಡಿದರೆ ಆ ಬದಿಯಲ್ಲೆಲ್ಲ ಹಸಿರು ಕಿಲುಬು, ಮೇಲೆ ಅಂಟು. ಯಾರೋ ಎಳನೀರು ಚೆಲ್ಲಿದ್ದಾರೆ. ತೆಂಗಿನ ಸೀಮೆಯಲ್ಲಿ ಇದು ನನಗೆ ಹೊಸದಲ್ಲ. ನೀರಿಗಿಂತ ಎಳನೀರು ಕೆಟ್ಟದ್ದು: ಅದರಲ್ಲಿ ಲವಣವೂ ಇದೆ, ಸಕ್ಕರೆಯೂ ಇದೆ; ಒಂದು ತಾಮ್ರವನ್ನು ತಿನ್ನುತ್ತದೆ, ಇನ್ನೊಂದು ಅಂಟಿಕೊಂಡು ತೇವ ಹಿಡಿದಿಡುತ್ತದೆ. ಚೆಲ್ಲಿದ ಕೂಡಲೇ ಆಫ್ ಮಾಡಿ, ಬ್ಯಾಟರಿ ಕಿತ್ತು ತಂದಿದ್ದರೆ ಉಳಿಯುತ್ತಿತ್ತು. ಒರೆಸಿ, ಬಿಸಿಲಿಗಿಟ್ಟು, 'ಒಣಗಿದೆ' ಎಂದು ಆನ್ ಮಾಡಿದ್ದಾರೆ. ಅಕ್ಕಿ ಡಬ್ಬದಲ್ಲಿಟ್ಟರೂ ಇದೇ ಗತಿ. ಪರದೆ, ರ‍್ಯಾಮ್, ವೈಫೈ ಕಾರ್ಡ್ ಬಿಚ್ಚಿ ಬಿಡಿಯಾಗಿ ಮಾರು ಎಂದು ಹೇಳಿ ಕಳುಹಿಸಿದೆ. ನೋಡಿದ್ದಕ್ಕೆ 500 ತೆಗೆದುಕೊಂಡಿದ್ದೇನೆ, ಊಟ ಹಾಕಿದ್ದೇನೆ.

ಪಾವಗಡ ಬಿಸಿಲು:
ಎಕ್ಸ್240 ಯಾರಿಗಾದರೂ ಮಾತಾಗಿದೆಯೇ? ಸೋಲಾರ್ ಪಾರ್ಕಿನ ಕಡೆ ಓಡಾಟದ ಕೆಲಸ. ಬ್ಯಾಗಿನಲ್ಲಿ ಹಗುರವಾಗಿರಬೇಕು, ದಿನ ಪೂರ್ತಿ ಬರಬೇಕು. ಲಿನಕ್ಸ್ ಆದರೂ ಸರಿ.

ಬಟವಾಡಿ ಹುಡುಗ:
ಇಲ್ಲ, ಖಾಲಿ ಇದೆ. ಅದಕ್ಕೆ ಒಳಗೊಂದು, ಹಿಂದೆ ಬಿಚ್ಚುವಂಥದ್ದು ಇನ್ನೊಂದು, ಹೀಗೆ ಎರಡು ಬ್ಯಾಟರಿ. ಒಳಗಿನದು ಓಡಿಸುತ್ತಿರುವಾಗಲೇ ಹಿಂದಿನದನ್ನು ಬದಲಾಯಿಸಬಹುದು, ಆಫ್ ಮಾಡಬೇಕಿಲ್ಲ. ವಿಂಡೋಸ್ ಇದ್ದಾಗ ಕಮಾಂಡ್ ಪರದೆಯಲ್ಲಿ ಪವರ್‌ಸಿಎಫ್‌ಜಿ ಎಂಬ ಆಜ್ಞೆಯಿಂದ ಬ್ಯಾಟರಿ ರಿಪೋರ್ಟ್ ತೆಗೆದಿಟ್ಟಿದ್ದೇನೆ: ಒಳಗಿನದು ಹೊಸದಿದ್ದಾಗಿನ ಶಕ್ತಿಯ ನೂರಕ್ಕೆ 71 ಭಾಗ ಹಿಡಿಯುತ್ತದೆ, ಹಿಂದಿನದು 48. ಆ ಕಾಗದವನ್ನೇ ಯಂತ್ರದ ಜೊತೆ ಕೊಡುತ್ತೇನೆ. ಒಂದು ಮಾತು, ಪರದೆಯ ಬೆಳಕು ಕಡಿಮೆ. ಪಾವಗಡದ ಬಿಸಿಲಿನಲ್ಲಿ ನಿಮ್ಮ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ.

ಪಾವಗಡ ಬಿಸಿಲು:
ಜೀಪಿನೊಳಗೆ ಕೂತು ನೋಡುತ್ತೇನೆ. 7,500 ಆದರೆ ಶನಿವಾರ ಬರುತ್ತೇನೆ. ಚಾರ್ಜರ್ ಮೂರು ಪಿನ್ನಿನದೇ ಕೊಡಿ. ಹಿಂದಿನ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು.

ಬೆಸುಗೆ ಅಕ್ಕ (ಗುಬ್ಬಿ):
ಮೂರು ಪಿನ್ ಇದ್ದರೆ ಸಾಲದು, ಗೋಡೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇರಬೇಕು. ಅಡಾಪ್ಟರಿನ ಫಿಲ್ಟರಿನಿಂದ ಸೋರುವ ಅತಿ ಸಣ್ಣ ಕರೆಂಟು ನೆಲಕ್ಕೆ ಹೋಗಲು ದಾರಿ ಸಿಗದಿದ್ದರೆ ಲ್ಯಾಪ್‌ಟಾಪಿನ ಲೋಹದ ಮೈಗೆ ಬರುತ್ತದೆ. ತೋಟದ ಮನೆಗಳಲ್ಲಿ ಇದೇ ದೂರು.

ತಿಪಟೂರು ಅಮ್ಮ:
ಎಲೀಟ್‌ಬುಕ್ ಏನಾಯಿತಪ್ಪ? ಮಗಳು ದಿನಾ ಕೇಳುತ್ತಿದ್ದಾಳೆ.

ಬಟವಾಡಿ ಹುಡುಗ:
ಒಂದು ವಾರ ಓಡಿಸಿದೆ ಅಮ್ಮಾ. ಬ್ಯಾಟರಿ ಹೊಸದು, ಕಂಪನಿಯದ್ದಲ್ಲ, ಹೊಂದುವಂಥದ್ದು. ನಾಲ್ಕು ಗಂಟೆಯ ಆಸುಪಾಸು ಬರುತ್ತದೆ. ಫ್ಯಾನ್ ಬಿಚ್ಚಿದರೆ ಉಣ್ಣೆಯ ಹಾಸಿನಂತೆ ಧೂಳು, ತೆಗೆದು ಪ್ರೊಸೆಸರಿನ ಬಿಸಿ ದಾಟಿಸುವ ಹೊಸ ಪೇಸ್ಟ್ ಹಾಕಿದ್ದೇನೆ. ವಿಂಡೋಸ್ ವಿಷಯ ಮೇಲೆ ನಡೆದ ಜಗಳದಲ್ಲಿ ಓದಿದ್ದೀರಿ. ಈಗ 10 ಇದೆ, ಅದಕ್ಕೆ 2026ರ ಅಕ್ಟೋಬರ್‌ವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆ ಇದೆ, ಅದಕ್ಕೆ ಸೇರಿಸಿಯೇ ಕೊಡುತ್ತೇನೆ. ಆಮೇಲೆ 11 ಬೇಕೆಂದರೆ ತನ್ನಿ, ಹಾಕಿಕೊಡುತ್ತೇನೆ, ಆದರೆ ಅದು ಕಂಪನಿ ಒಪ್ಪಿದ ದಾರಿಯಲ್ಲ. 13,000. ಮಗಳನ್ನೇ ಕರೆದುಕೊಂಡು ಬನ್ನಿ, ಅವಳೇ ಎಲ್ಲ ಗುಂಡಿ ಒತ್ತಿ ನೋಡಲಿ.

ತಿಪಟೂರು ಅಮ್ಮ:
ಗುರುವಾರ ಬರುತ್ತೇವೆ. ಹಾಗೆಯೇ ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿನ್ನಬೇಕೆಂದು ಅವಳ ಷರತ್ತು.

ಬಟವಾಡಿ ಹುಡುಗ:
ಎರಡು ತಿಂಗಳ ನಂತರ ಲೆಕ್ಕ ಒಪ್ಪಿಸುತ್ತಿದ್ದೇನೆ, ಕೇಳಿದವರು ಹಲವರಿದ್ದರು.

ಟಿ430 ಮೇಷ್ಟ್ರಿಗೆ, 7,500. ಎಕ್ಸ್240 ಪಾವಗಡಕ್ಕೆ, 7,500. ಎಲೀಟ್‌ಬುಕ್ ತಿಪಟೂರಿಗೆ, 13,000. ಹಿಂಜ್ ಮುರಿದ ಎಚ್‌ಪಿ ನನ್ನನ್ನು ಅತಿ ಹೆಚ್ಚು ಸತಾಯಿಸಿದ್ದು. ಪ್ಲಾಸ್ಟಿಕ್ಕಿನೊಳಗೆ ಕೂತಿದ್ದ ಹಿತ್ತಾಳೆಯ ನಟ್‌ಗಳು ಕಿತ್ತು ಬಂದಿದ್ದವು. ಮೊದಲು ಫೆವಿಕ್ವಿಕ್ ಮೇಲೆ ಅಡುಗೆ ಸೋಡಾ ಉದುರಿಸಿ ಅಂಟಿಸಿದೆ, ಕಲ್ಲಿನಂತಾಯಿತು, ನಾಲ್ಕನೇ ದಿನ ಟಕ್ಕೆಂದಿತು. ತಪ್ಪು ಅಂಟಿನದಲ್ಲ, ಕೀಲೇ ಬಿಗಿಯಾಗಿತ್ತು; ಅದು ತೆರೆದಾಗಲೆಲ್ಲ ಪ್ಲಾಸ್ಟಿಕ್ಕನ್ನು ಮೀಟುತ್ತಿತ್ತು. ಹಿಂಜಿನ ನಟ್ ಅರ್ಧ ಸುತ್ತು ಸಡಿಲಿಸಿ, ಒಂದು ಹನಿ ಎಣ್ಣೆ ಬಿಟ್ಟು, ಅರಾಲ್ಡೈಟಿನಲ್ಲಿ ಮತ್ತೆ ಕೂರಿಸಿ, ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಟ್ಟೆ. ಈಗ ನಿಂತಿದೆ. ಗುಬ್ಬಿ ಗೇಟಿನ ಒಂದು ಜೆರಾಕ್ಸ್ ಅಂಗಡಿಗೆ, ದಿನವಿಡೀ ತೆರೆದೇ ಇಡುವವರಿಗೆ, ರಿಪೇರಿ ತೋರಿಸಿಯೇ 6,800ಕ್ಕೆ ಕೊಟ್ಟೆ. ಲೆನೊವೊದ ಪರದೆ ಮತ್ತು ಚೂರುಪಾರು 2,200.

ಬಂದದ್ದು 37,000. ಹಾಕಿದ್ದು 27,000, ಮೇಲೆ ಎರಡು ಎಸ್‌ಎಸ್‌ಡಿಗೆ 4,600, ಎಲೀಟ್‌ಬುಕ್ ಬ್ಯಾಟರಿ 2,600, ಹಳೆಯ ರ‍್ಯಾಮ್ 500, ಅಂಟು ಪೇಸ್ಟು 300, ಅಕ್ಕನಿಗೆ 500. ಉಳಿದದ್ದು 1,500. ಸಂಜೆಗಳಿಗೆ ಕೂಲಿ ಹಾಕಿಲ್ಲ. ಮನೆಯಲ್ಲಿ ಈಗ ಪೂರ್ತಿ ಹೇಳಿದ್ದೇನೆ. ಹೇಳಿದ ದಿನ ಊಟ ಸ್ವಲ್ಪ ತಡವಾಯಿತು.

ಡೆಲ್ ಕಪಾಟಿನ ಮೇಲಿದೆ. ಕಂಪನಿಗೆ ಬರೆದೆ. ಒಂಬತ್ತನೇ ದಿನ ಉತ್ತರ ಬಂತು, ಸೀರಿಯಲ್ ನಂಬರಿನ ಫೋಟೊ ಮತ್ತು ಯಾರಿಂದ ಕೊಂಡಿರಿ ಎಂಬ ವಿವರ ಕೇಳಿದರು. ಕೊಟ್ಟೆ. ಆಮೇಲೆ ಸದ್ದಿಲ್ಲ. ಮಧ್ಯವರ್ತಿ ಮೊದಲು ನಕ್ಕರು, ಕಂಪನಿಗೆ ಬರೆದಿದ್ದೇನೆ ಎಂದ ಮೇಲೆ ನಗುವುದು ನಿಲ್ಲಿಸಿ 4,000 ವಾಪಸ್ ಕೊಟ್ಟರು, ಉಳಿದದ್ದಕ್ಕೆ ದೀಪಾವಳಿ ಎಂದಿದ್ದಾರೆ. ಆ 4,000 ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ. ಅದನ್ನು ನನ್ನದೆಂದುಕೊಳ್ಳಲು ಇನ್ನೂ ಧೈರ್ಯ ಬಂದಿಲ್ಲ.

ದಿನಾ ರೈಲು:
ವಾರಕ್ಕೊಮ್ಮೆ ಕಂಪನಿಗೆ ನೆನಪೋಲೆ ಕಳುಹಿಸುತ್ತಿರಿ, ಹಳೆಯ ಇಮೇಲಿಗೇ ಉತ್ತರವಾಗಿ. ಅಂಥ ಪತ್ರಗಳು ನಮ್ಮ ಕಡೆ ಯಾರ ಮೇಜಿನಲ್ಲಿ ಕೂತಿರುತ್ತವೆ ಎಂದು ನನಗೆ ಗೊತ್ತು. ನನ್ನ ಮೇಜಿನಲ್ಲೇ ಎರಡು ಇವೆ, ನಾಳೆ ನೋಡುತ್ತೇನೆ.

ಮಧುಗಿರಿ ಡಿಟಿಪಿ ಮೇಷ್ಟ್ರು:
ಟಿ430 ಚೆನ್ನಾಗಿದೆ. ಆದರೆ ಮೊಮ್ಮಗ 'ಕ' ಗುಂಡಿ ಕಿತ್ತು ಬಾಯಿಗೆ ಹಾಕಿಕೊಂಡಿದ್ದ. ಗುಂಡಿ ಸಿಕ್ಕಿತು, ಕೆಳಗಿನ ಬಿಳಿ ಕ್ಲಿಪ್ಪು ಸಿಕ್ಕಿಲ್ಲ. ಹಳಬರೇ, ನಿಮ್ಮ ಅಂಗಡಿಯ ಗುಜರಿ ಡಬ್ಬದಲ್ಲಿ ಆ ಕಾಲದ ಥಿಂಕ್‌ಪ್ಯಾಡಿನ ಹಳೆಯ ಕೀಬೋರ್ಡು ಇದೆಯೇ?

ಎಂ.ಜಿ. ರಸ್ತೆ ಹಳಬ:
ಮೂರಿವೆ. ಬರುವಾಗ ಗುಂಡಿಯನ್ನೂ ತನ್ನಿ, ಕ್ಲಿಪ್ಪಿನ ಅಳತೆ ನೋಡಬೇಕು.